ಯಲವಿಗಿ ಸ್ಟೇಷನ್ನಿನ ಹಳೇ ನೆನಪುಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ನಮ್ಮ ಯಲವಿಗಿ ರೈಲು ಸ್ಟೇಷನ್ ಸುತ್ತ ಬೆಳೆದ ಊರಿನ ಕಥೆಯನ್ನು ಬರೆದಿಡೋಣ. ನಿಮ್ಮ ಮನೆಯಲ್ಲಿರುವ ಹಳೇ ಫೋಟೊ, ಟಿಕೆಟ್, ಕಾಗದಪತ್ರ ಈ ಗುಂಪಿಗೆ ಕಳಿಸಿ. ಫೋಟೊ ಹಿಂಬದಿಯ ಬರಹದ ಚಿತ್ರವನ್ನೂ ಕಳಿಸಿ, ಬಹಳ ಸಲ ಇಸವಿ ಸಿಗುವುದು ಅಲ್ಲೇ.

ಕಾಲ ಗುರುತಿಸಲು ಒಂದು ಸುಲಭ ದಾರಿ ಇದೆ. ಬೀಗ, ಕಂದೀಲು, ಟಿಕೆಟ್ ಮೇಲೆ ‘ಎಸ್‌ಎಂಆರ್’ ಅಂತಿದ್ದರೆ ಅದು ಸದರ್ನ್ ಮರಾಠಾ ರೈಲ್ವೆ ಕಾಲದ್ದು. ಆ ಕಂಪನಿ ಹುಟ್ಟಿದ್ದು 1882ರಲ್ಲಿ, 1876-78ರ ಭೀಕರ ಬರಗಾಲದ ನಂತರ. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಕೂಡಿ ‘ಎಂಎಸ್‌ಎಂ’ (ಮದ್ರಾಸ್ ಅಂಡ್ ಸದರ್ನ್ ಮರಾಠಾ) ಆಯಿತು. ನಮ್ಮ ಸ್ಟೇಷನ್ 1951ಕ್ಕೆ ದಕ್ಷಿಣ ರೈಲ್ವೆಗೆ, 1966ಕ್ಕೆ ದಕ್ಷಿಣ ಮಧ್ಯ ರೈಲ್ವೆಗೆ, 2003ಕ್ಕೆ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಕೆಲಸಗಾರರ ಮಾತು. ಮೀಟರ್‌ಗೇಜ್ ಕಾಲದ ಟೋಕನ್ ನೆನಪಿದೆ ಅಲ್ವಾ? ದೊಡ್ಡ ಬಳೆಯಂಥ ಬೆತ್ತದ ರಿಂಗು, ಅದಕ್ಕೊಂದು ಚರ್ಮದ ಚೀಲ, ಒಳಗೆ ಲೋಹದ ಗುಂಡು. ಅದು ಕೈಗೆ ಸಿಗದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡುವಂತಿರಲಿಲ್ಲ. ನಿಲ್ಲದ ಗಾಡಿಯವರು ಓಡುತ್ತಲೇ ತೋಳು ಚಾಚಿ ಹಿಡಿಯಬೇಕಿತ್ತು. ಆ ರಿಂಗು ಎತ್ತಿ ಹಿಡಿದು ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಗ್ಯಾಂಗ್‌ಮನ್, ಹಮಾಲರು, ಚಹಾದಂಗಡಿಯವರು, ಲಕ್ಷ್ಮೇಶ್ವರ ಕಡೆಯಿಂದ ಬಂದು ಇಲ್ಲಿ ರೈಲು ಹತ್ತುತ್ತಿದ್ದವರು, ಇವರ ಹತ್ತಿರ ಕೂತು ಕೇಳಿ. ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ಹೇರಿದ ಕಥೆ ಇದ್ದರೆ ಬಿಡಬೇಡಿ.

ವಾಯ್ಸ್ ಮೆಸೇಜ್ ಆದರೂ ಸಾಕು, ಅವರದೇ ಮಾತಿನಲ್ಲಿರಲಿ. ಹೆಸರು ಹಾಕುವ ಮೊದಲು ಅವರನ್ನು ಕೇಳಿ. ದಯವಿಟ್ಟು ಈ ವಾರ ಗುಂಪಿನಲ್ಲಿ ಬೇರೆ ಫಾರ್ವರ್ಡ್ ಬೇಡ, ಕಳಿಸಿದ್ದು ಕೆಳಗೆ ಹೋಗಿಬಿಡುತ್ತದೆ.