ಕಂಡದ್ದನ್ನು ಬರೆ, ಪುಟ್ಟಿ

ಗಂಗಾವತಿ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಬಳ್ಳಾರಿಯಲ್ಲಿ ನಿನಗೆ ರಿಸರ್ಚ್ ನರ್ಸ್ ಕೆಲಸ ಸಿಕ್ಕಿತು ಅಂತ ನಿಮ್ಮಪ್ಪ ಹೇಳಿದ. ಖುಷಿಯಾಯಿತು. ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾದ ಕೂಸುಗಳ ಮೇಲೆ ಸಂಶೋಧನೆಯಂತೆ. ಐಸಿಯುನಿಂದ ಹಿಡಿದು ಒಂದೂವರೆ ವರ್ಷ ಆಗುವವರೆಗೆ ಅವುಗಳ ಬೆಳವಣಿಗೆ ನೋಡುವುದಂತೆ. ಆಮೇಲೆ ನಿನ್ನ ಮೆಸೇಜೂ ಬಂತು. "ಅತ್ತೆ, ಇನ್ನು ನಾನು ಕೂಸುಗಳನ್ನು ಉಳಿಸುವ ಔಷಧಿ ಕಂಡುಹಿಡಿಯುವವರ ಜೊತೆ" ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ ಈ ಕಾಗದ ಬರೆಯಲೇಬೇಕು ಅನ್ನಿಸಿತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ.

ಔಷಧಿ ಕಂಡುಹಿಡಿಯುವುದು ನಿನ್ನ ಕೆಲಸ ಅಲ್ಲವೇ ಅಲ್ಲ. ಅದರಿಂದ ಒಳ್ಳೆಯದಾಯಿತೋ, ಏನೂ ಆಗಲಿಲ್ಲವೋ, ಕೆಟ್ಟದ್ದೇ ಆಯಿತೋ ಎಂದು ನೋಡಿ, ಕಂಡಂತೆ ಬರೆಯುವುದು ನಿನ್ನ ಕೆಲಸ. ಉಳಿಸಬೇಕು ಅನ್ನುವ ಆಸೆ ಇರುವವರಿಗೆ ಇದು ಕಷ್ಟ. ನೀನು ಅಂಥವಳು, ಅದಕ್ಕೇ ಹೇಳುತ್ತಿದ್ದೇನೆ.

ಕೂಸನ್ನು ತಣ್ಣಗಿಡುವ ಚಿಕಿತ್ಸೆಯ ಬಗ್ಗೆ ಕಾಲೇಜಿನಲ್ಲಿ ಓದಿರುತ್ತೀಯ. ಉಸಿರು ಕಟ್ಟಿದ ಕೂಸಿನ ಮಿದುಳು ಒಂದೇ ಸಲಕ್ಕೆ ಹಾಳಾಗುವುದಿಲ್ಲ. ಮೊದಲ ಪೆಟ್ಟಿನ ನಂತರ ಕೆಲವು ತಾಸು ಸ್ವಲ್ಪ ಸುಧಾರಿಸಿಕೊಂಡಂತೆ ಇರುತ್ತದೆ, ಆಮೇಲೆ ಎರಡನೇ ಸುತ್ತಿನ ಹಾನಿ ಶುರುವಾಗುತ್ತದೆ. ಆ ನಡುವಿನ ಹೊತ್ತಿನಲ್ಲಿ, ಅಂದರೆ ಹುಟ್ಟಿದ 6 ತಾಸಿನೊಳಗೆ, ಮೈ ಬಿಸಿಯನ್ನು 33.5 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಿ 72 ತಾಸು ಹಾಗೇ ಇಟ್ಟರೆ ಮಿದುಳು ಉಳಿಯುತ್ತದೆ ಎಂಬ ಲೆಕ್ಕ. 2005ರಲ್ಲಿ, ಆಮೇಲೆ 2009ರಲ್ಲಿ, ಶ್ರೀಮಂತ ದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಗಳು ಹೊರಬಂದವು. ಎಲ್ಲವನ್ನೂ ಒಟ್ಟು ಹಾಕಿ ನೋಡಿದಾಗ, ಹೀಗೆ ತಣ್ಣಗಿಟ್ಟ ಪ್ರತಿ 7 ಕೂಸುಗಳಲ್ಲಿ ಒಂದು ಸಾವಿನಿಂದಲೋ ಅಂಗವೈಕಲ್ಯದಿಂದಲೋ ಪಾರಾಗುತ್ತದೆ ಎಂದು ಗೊತ್ತಾಯಿತು. ಮಿದುಳಿನ ಪೆಟ್ಟಿಗೆ ಬೇರೆ ಮದ್ದೇ ಇಲ್ಲದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ನಮ್ಮ ದೇಶದ ಆಸ್ಪತ್ರೆಗಳೂ ಜೆಲ್ ಪ್ಯಾಕು, ಐಸ್ ಪ್ಯಾಕು ಇಟ್ಟುಕೊಂಡು ಶುರು ಮಾಡಿದವು.

ಆದರೆ ನಮ್ಮ ಕೂಸುಗಳಿಗೂ ಇದು ಆಗುತ್ತಾ ಅಂತ ಕೆಲವರು ಕೇಳಿದರು. ಹೆಲಿಕ್ಸ್ ಎಂಬ ಪರೀಕ್ಷೆ ನಡೆದದ್ದು ಆ ಪ್ರಶ್ನೆಯಿಂದಲೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ಅವರ ಮುಂದಾಳತ್ವದಲ್ಲಿ, 2015ರಿಂದ 2019ರವರೆಗೆ, ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಕೂಸುಗಳ ಮೇಲೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಲ್ಲ, ಒಳ್ಳೆಯ ಐಸಿಯು ಇರುವ ದೊಡ್ಡ ಆಸ್ಪತ್ರೆಗಳಲ್ಲಿ. ಫಲಿತಾಂಶ 2021ರಲ್ಲಿ ಬಂತು. ತಣ್ಣಗಿಟ್ಟ ಕೂಸುಗಳಲ್ಲಿ ನೂರಕ್ಕೆ 42 ತೀರಿಕೊಂಡಿದ್ದವು. ಮಾಮೂಲಿ ಆರೈಕೆ ಸಿಕ್ಕವುಗಳಲ್ಲಿ ನೂರಕ್ಕೆ 31.

ಈ ಎರಡು ಅಂಕಿಗಳನ್ನು ಮತ್ತೆ ಓದು. ಲಂಡನ್ನಿನಲ್ಲಿ ಕೂಸು ಉಳಿಸಿದ್ದೇ ಇಲ್ಲಿ ಕೆಡುಕು ಮಾಡಿತು. ನಮ್ಮ ಕಡೆಯ ಎಷ್ಟೋ ಕೂಸುಗಳಿಗೆ ಪೆಟ್ಟು ಹೆರಿಗೆಗೂ ಮೊದಲೇ ಬಿದ್ದಿರಬಹುದು, ಹಾಗಾಗಿ 6 ತಾಸಿನ ಲೆಕ್ಕವೇ ಅವಕ್ಕೆ ಹೊಂದುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ವಾದ ಇನ್ನೂ ಮುಗಿದಿಲ್ಲ, ಒಪ್ಪದ ಡಾಕ್ಟರುಗಳೂ ಇದ್ದಾರೆ. ಎರಿಥ್ರೋಪೊಯೆಟಿನ್ ಎಂಬ ಇಂಜೆಕ್ಷನ್ನಿನ ಮೇಲೂ ಬಹಳ ಆಸೆ ಇತ್ತು. ಅಮೆರಿಕದಲ್ಲಿ 500 ಕೂಸುಗಳ ಮೇಲೆ ಪರೀಕ್ಷೆ ಮಾಡಿದರು. 2022ರಲ್ಲಿ ಅದರಿಂದಲೂ ಉಪಯೋಗ ಕಾಣಲಿಲ್ಲ, ತೊಂದರೆಯೇ ಜಾಸ್ತಿ ಆಗಿತ್ತು.

ಹಾಗಂತ ನಮ್ಮ ಕಡೆಯ ಸಂಶೋಧನೆ ಎಲ್ಲ ಬರೀ 'ಇಲ್ಲ' ಅನ್ನುವುದಕ್ಕೇ ಅಲ್ಲ. ಅಳದ ಕೂಸಿಗೆ ನೂರಕ್ಕೆ ನೂರು ಆಕ್ಸಿಜನ್ ಕೊಡಬೇಕು ಎನ್ನುವುದು ಒಂದು ಕಾಲಕ್ಕೆ ಪ್ರಶ್ನೆಯೇ ಇಲ್ಲದ ನಿಯಮ. ದೆಹಲಿಯಲ್ಲಿ ಸಿದ್ಧಾರ್ಥ ರಾಮ್‌ಜಿ, ನಾರ್ವೆಯ ಓಲಾ ಸಾಗ್‌ಸ್ಟಾಡ್ ಜೊತೆ ಸೇರಿ, ಸುಮ್ನೆ ಕೋಣೆಯ ಗಾಳಿಯನ್ನೇ ಕೊಟ್ಟು ನೋಡಿದರು. ಮೊದಲ ವರದಿ 1993ರದು, ದೊಡ್ಡದು 1998ರದು. ಗಾಳಿಯೇ ಸಾಕು ಎಂದು ಗೊತ್ತಾಯಿತು. 2010ರ ಹೊತ್ತಿಗೆ ಜಗತ್ತಿನ ನಿಯಮವೇ ಬದಲಾಯಿತು. ಕಾಂಗರೂ ಆರೈಕೆ ಗೊತ್ತಲ್ವಾ, ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಅಂಟಿಸಿ ಇಡುವುದು. ಅದನ್ನು ಇಡೀ ಜಿಲ್ಲೆಗೆ ತಲುಪಿಸುವುದು ಹೇಗೆ ಎಂಬ ಅಧ್ಯಯನ ನಮ್ಮ ಕೊಪ್ಪಳದಲ್ಲೇ ನಡೆಯಿತು.

ಇನ್ನು ವಾರ್ಡಿನ ಮಾತು. ಬಳ್ಳಾರಿಯ ಏಪ್ರಿಲ್, ಮೇ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಮೈ ಬೆಚ್ಚಗಿಡುವ ವಾರ್ಮರ್ ಕೆಳಗೆ ಮಲಗಿಸಿದ ಕೂಸಿನ ಹೊಟ್ಟೆಗೆ ಮೈ ಬಿಸಿ ಅಳೆಯುವ ಪ್ರೋಬ್ ಅಂಟಿಸಿರುತ್ತಾರೆ. ಬೆವರಿಗೋ ಎಣ್ಣೆ ಮೈಗೋ ಅದರ ಪ್ಲಾಸ್ಟರ್ ಒಂದು ಬದಿ ಏಳುತ್ತದೆ. ಪ್ರೋಬ್ ಗಾಳಿಗೆ ತಾಗಿದರೆ ಮೆಷಿನ್ನು ಕೂಸು ತಣ್ಣಗಿದೆ ಅಂದುಕೊಂಡು ಇನ್ನಷ್ಟು ಕಾಯಿಸುತ್ತದೆ. ಪರದೆ ಮೇಲೆ 36.5 ಇರುತ್ತದೆ, ಕೂಸಿನ ಮೈ ಸುಡುತ್ತಿರುತ್ತದೆ. ಪೆಟ್ಟಾದ ಮಿದುಳಿಗೆ ಜ್ವರದಂಥ ಶತ್ರು ಇನ್ನೊಂದಿಲ್ಲ. ಪರದೆ ನೋಡಿ 36.5 ಎಂದು ಬರೆದರೆ ನಿನ್ನ ಫಾರಂ ಚಂದ ಇರುತ್ತದೆ, ಆದರೆ ಸುಳ್ಳಾಗಿರುತ್ತದೆ. ಹಸ್ತದ ಹಿಂಬದಿಯಿಂದ ಹೊಟ್ಟೆ ಮುಟ್ಟು, ಪಾದ ಮುಟ್ಟು, ಅನುಮಾನ ಬಂದರೆ ಥರ್ಮಾಮೀಟರ್ ಇಡು. ಆಮೇಲೆ ಬರೆ.

ಫಿಟ್ಸ್ ವಿಷಯದಲ್ಲೂ ಹಾಗೇ. ಹಸುಗೂಸಿಗೆ ದೊಡ್ಡವರ ಹಾಗೆ ಮೈಯೆಲ್ಲ ಸೆಟೆದು ಬರುವುದು ಕಡಿಮೆ. ತುಟಿ ಚಪ್ಪರಿಸುತ್ತಿರುತ್ತದೆ, ಕಣ್ಣು ಒಂದೇ ಕಡೆ ನಿಂತಿರುತ್ತದೆ, ಕಾಲು ಸೈಕಲ್ ತುಳಿದ ಹಾಗೆ ಆಡುತ್ತದೆ. ಅಜ್ಜಿ ಬಂದು "ನೋಡ್ರೀ, ಕೂಸು ಆಡಾಕ ಹತ್ತೈತಿ" ಅನ್ನುತ್ತಾಳೆ. ಕೈ ನಡುಗುತ್ತಿದ್ದರೆ ಮೆಲ್ಲಗೆ ಹಿಡಿದು ನೋಡು. ಹಿಡಿದಾಗ ನಿಂತರೆ ಬರೀ ನಡುಕ. ಆಗ ಶುಗರ್ ನೋಡಿಸು. ಹಿಡಿದರೂ ನಿನ್ನ ಬೆರಳಿನೊಳಗೆ ಮಿಡಿಯುತ್ತಲೇ ಇದ್ದರೆ ಫಿಟ್ಸ್ ಇರಬಹುದು, ಡಾಕ್ಟರನ್ನು ಕರೆ. ಗಡಿಯಾರ ನೋಡಿ ಎಷ್ಟು ಹೊತ್ತು ಇತ್ತು ಎಂದು ಬರೆ. ಅದು ಫಿಟ್ಸೋ ಅಲ್ಲವೋ ಎಂದು ಹೇಳುವುದು ಡಾಕ್ಟರು.

ಒಪ್ಪಿಗೆ ಪತ್ರದ ಬಗ್ಗೆ ನನಗೆ ಸಿಟ್ಟೇ ಇದೆ. ಒಂದು ಕಡೆ, ಹೆಸರು ಬೇಡ, ಸಹಿ ಹಾಕಿಸುವುದನ್ನು ಪಾರ್ಸೆಲ್ ಡೆಲಿವರಿ ಕೊಟ್ಟಷ್ಟೇ ಸಲೀಸಾಗಿ ಮುಗಿಸುತ್ತಿದ್ದರು. ಹೆತ್ತವಳು ಸಿಸೇರಿಯನ್ ಆಗಿ ಬೇರೆ ವಾರ್ಡಿನಲ್ಲಿ ಮಲಗಿರುತ್ತಾಳೆ, ಕೆಲವೊಮ್ಮೆ ಬೇರೆ ಊರಿನ ಆಸ್ಪತ್ರೆಯಲ್ಲೇ ಇರುತ್ತಾಳೆ. ಸಿಂಧನೂರಿನಿಂದಲೋ ಕುಷ್ಟಗಿಯಿಂದಲೋ ಆಂಬ್ಯುಲೆನ್ಸಿನಲ್ಲಿ ಕೂಸನ್ನು ತಂದ ತಂದೆಗೆ ಕೈಕಾಲು ಆಡುತ್ತಿರುವುದಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತು ಅಂದರೆ ಅಲ್ಲಿ ಒತ್ತುತ್ತಾನೆ. ನೀನು ಅವನನ್ನು ಕೂರಿಸು, ನೀರು ಕೊಡು. ಕೂಸಿಗೆ ಹುಟ್ಟುವಾಗ ಉಸಿರು ಸಾಲಲಿಲ್ಲ, ಮಿದುಳಿಗೆ ಏಟಾಗಿದೆ ಅಂತ ಹೇಳು. ಎರಡು ರೀತಿಯ ಆರೈಕೆ ಇದೆ, ಯಾವುದು ಮೇಲು ಎಂದು ಡಾಕ್ಟರಿಗೂ ಗೊತ್ತಿಲ್ಲ, ಅದಕ್ಕೇ ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡುತ್ತೇವೆ ಅಂತ ಹೇಳು. ಬೇಡ ಅಂದರೂ ಕೂಸಿನ ಆರೈಕೆಯಲ್ಲಿ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ ಎನ್ನುವುದನ್ನು ಎರಡು ಸಲ ಹೇಳು. ಆಮೇಲೆ ಅವನ ಬಾಯಿಂದಲೇ ಒಮ್ಮೆ ಹೇಳಿಸು. ಮರುದಿನ ತಾಯಿಗೆ ಮತ್ತೆ ಮೊದಲಿಂದ ಹೇಳು, ಅವಳ ಕೂಸು ಅದು.

ಅವಳು ನಿನ್ನನ್ನು ಕೇಳುವುದು ಸಂಶೋಧನೆಯ ಬಗ್ಗೆ ಅಲ್ಲ. "ಅಕ್ಕಾರ, ನಾ ಏನು ತಪ್ಪು ಮಾಡಿದ್ನಿರೀ?" ಎಂದು ಕೇಳುತ್ತಾಳೆ. ಗ್ರಹಣದ ದಿನ ಹೊರಗೆ ಹೋಗಿದ್ದಳು, ಪಪ್ಪಾಯಿ ತಿಂದಿದ್ದಳು ಅಂತ ಅತ್ತೆ ಮನೆಯವರು ಆಗಲೇ ಶುರು ಮಾಡಿರುತ್ತಾರೆ. ಅದರಿಂದ ಆದದ್ದಲ್ಲ ಎಂದು ಎಲ್ಲರ ಎದುರಿಗೇ ಹೇಳು. ಕೂಸು ಮುಂದೆ ನಡೆಯುತ್ತದಾ, ಮಾತಾಡುತ್ತದಾ ಅಂದರೆ ಮಾತ್ರ ಧೈರ್ಯ ತುಂಬುವ ಭರದಲ್ಲಿ ಹೂಂ ಅನ್ನಬೇಡ.

ಈಗ ಕಷ್ಟದ ಭಾಗ. ಒಂದೂವರೆ ವರ್ಷದ ಮೇಲೆ ಆ ಕೂಸು ನಿನಗೆ ಸಿಗಬೇಕಲ್ಲ? ಕೇಸ್ ಶೀಟಿನಲ್ಲಿ ಕೂಸಿಗೆ ಹೆಸರಿರುವುದಿಲ್ಲ, 'ಹುಲಿಗೆಮ್ಮನ ಮಗು' ಅಂತ ಇರುತ್ತದೆ. ನಮ್ಮ ಭಾಗದಲ್ಲಿ ಹುಲಿಗೆಮ್ಮಂದಿರು, ಯಲ್ಲಮ್ಮಂದಿರು, ಬಸಮ್ಮಂದಿರು ಎಷ್ಟು ಜನ! ಕೊಟ್ಟ ವಿಳಾಸ ತವರುಮನೆಯದು, ಫೋನ್ ನಂಬರ್ ಅವಳ ಅಣ್ಣನದು. ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಹೋಗುತ್ತಾಳೆ. ಮಳೆ ಕೈಕೊಟ್ಟರೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಯಾವುದೋ ಕಟ್ಟಡದ ಬುಡದಲ್ಲಿ ತಗಡಿನ ಶೆಡ್. ಡಿಸ್ಚಾರ್ಜ್ ದಿನವೇ ಎರಡೂ ಮನೆಯ ವಿಳಾಸ, ಎರಡೂ ಊರಿನ ಆಶಾ ಕಾರ್ಯಕರ್ತೆಯ ನಂಬರ್, ಗುಳೆಗೆ ಕರೆದೊಯ್ಯುವ ಮೇಸ್ತ್ರಿ ಯಾರು ಎಂಬುದನ್ನೂ ಕೇಳಿ ಬರೆದುಕೋ. ಅದನ್ನು ಬೇರೆಯವರ ಕೈಗೆ ಸಿಗದಂತೆ ಇಡು. ತಪ್ಪಿಸಿಕೊಂಡ ಕೂಸುಗಳು ಚೆನ್ನಾಗಿರಬಹುದು, ತೀರಿಹೋಗಿರಲೂಬಹುದು. ಬಂದವರನ್ನಷ್ಟೇ ಎಣಿಸಿದರೆ ಲೆಕ್ಕ ಎತ್ತಲೋ ಹೋಗುತ್ತದೆ.

ಬಂದಾಗಲೂ ಒಂದು ಎಚ್ಚರ. ಬೆಳವಣಿಗೆ ಪರೀಕ್ಷೆ ಮಾಡುವವರಿಗೆ ಕೂಸಿಗೆ ಯಾವ ಚಿಕಿತ್ಸೆ ಸಿಕ್ಕಿತ್ತು ಎಂದು ಗೊತ್ತಿರಬಾರದು. ಆದರೆ ತಾಯಿ ಬಾಗಿಲಲ್ಲೇ ಎಲ್ಲ ಹೇಳಿಬಿಡುತ್ತಾಳೆ. ಒಳಗೆ ಕಳಿಸುವ ಮೊದಲೇ ಅವಳಿಗೆ ಹೇಳಿಡು. ಪರೀಕ್ಷೆಯಲ್ಲಿ ಕೂಸು ಸಣ್ಣ ಬಿಲ್ಲೆ ಎತ್ತದಿದ್ದರೆ ಎತ್ತಲಿಲ್ಲ ಎಂದೇ ಬರೆಯಬೇಕು. ಅಜ್ಜಿ "ಮನ್ಯಾಗ ಎತ್ತತೈತ್ರೀ" ಅಂದರೆ ಅದನ್ನು ಬದಿಯಲ್ಲಿ ಬರೆ, ಅಂಕ ಬದಲಾಯಿಸಬೇಡ.

ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಫಾರಂನ ಒಂದು ಖಾಲಿ ಪ್ರತಿ ಸಿಕ್ಕರೆ, ಡಾಕ್ಟರನ್ನು ಕೇಳಿ, ನನಗೆ ತೋರಿಸು. ಫೋನ್ ನಂಬರ್ ಬರೆಯಲು ಎಷ್ಟು ಜಾಗ ಬಿಟ್ಟಿದ್ದಾರೆ ನೋಡಬೇಕು. ಒಂದೇ ಒಂದು ಕಾಲಂ ಇದ್ದರೆ ಕೂಸುಗಳು ಸೇರುವ ಮೊದಲೇ ಅವರಿಗೆ ಹೇಳು. ಹೊಸಬಳು, ಹೇಗೆ ಹೇಳಲಿ ಅಂತ ಸುಮ್ನಿರಬೇಡ.

ನಿನ್ನ ಅತ್ತೆ