ತುಂಬಿದ ಕೊಡಕ್ಕೊಂದು ಪತ್ರ

ಪ್ರಿಯ ತುಂಬಿದ ಕೊಡವೇ,

ಮೊದಲೇ ಹೇಳಿಬಿಡುತ್ತೇನೆ, ಜೋಗದ ಉಪ್ಪಿಟ್ಟಿನ ವಿಷಯವನ್ನು ಇದರ ಕೆಳಗೆ ಬರೆಯಬೇಡ. ಇಲ್ಲಿ ನನ್ನ ಬೀಗರೂ ಓದುತ್ತಾರೆ.

ನಾನು ದುಡ್ಡು ಕೊಟ್ಟು ಅಡುಗೆ ಕಲಿತು ಬಂದೆ. ಅದೂ ಟ್ರಿನಿಡಾಡಿನಲ್ಲಿ, ರಜೆಯ ಹೆಸರಿನಲ್ಲಿ. ಟೊರೊಂಟೊದ ಚಳಿಗೆ ನಾವಿಬ್ಬರೂ ಮುದುಡಿದ್ದನ್ನು ನೋಡಲಾರದೆ ಮಗಳು ಕೆರಿಬಿಯನ್ ಕಡಲಿಗೆ ಟಿಕೆಟ್ ಮಾಡಿಸಿದಳು. ಒರಗು ಕುರ್ಚಿ, ಎಳನೀರು, ಮುಖದ ಮೇಲೆ ಟೋಪಿ ಎಂದು ನಾನು ಲೆಕ್ಕ ಹಾಕಿಕೊಂಡಿದ್ದರೆ, ಅವಳು ಶಗ್ವಾನಸ್ ಎಂಬ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯ ಅಡುಗೆ ತರಗತಿಗೆ ನಮ್ಮ ಹೆಸರು ಬರೆಸಿದ್ದಳು. "ಕುಳಿತು ನೋಡುವುದಲ್ಲ ಅಪ್ಪ, ಕೈಯಾರೆ ಮಾಡಬೇಕು" ಎಂದಳು. ನಿವೃತ್ತನಾದ ಮೇಲೆ ನನ್ನ ಅಭಿಪ್ರಾಯ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ನಿಂತುಹೋಗಿದೆ.

ಶಗ್ವಾನಸ್ ಎಂದರೆ ನೊಬೆಲ್ ಪಡೆದ ಲೇಖಕ ವಿ.ಎಸ್. ನೈಪಾಲರು ಹುಟ್ಟಿದ ಊರು. ಸುತ್ತ ಒಂದು ಕಾಲಕ್ಕೆ ಬರೀ ಕಬ್ಬು. ಸರ್ಕಾರದ ಸಕ್ಕರೆ ಕಂಪನಿ 2003ರಲ್ಲಿ ಬಾಗಿಲು ಹಾಕಿದ ಮೇಲೆ ಎಷ್ಟೋ ಗದ್ದೆಗಳಲ್ಲಿ ಪೊದೆ ಬೆಳೆದಿದೆ. ಅಜ್ಜಿಯ ಮನೆ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ್ದು; ಕೆಳಗಿನ ತೆರೆದ ಜಾಗದಲ್ಲೇ ಒಲೆ, ಉದ್ದನೆಯ ಮೇಜು, ಒಂದು ಜೋಲಿ. ಅಂಗಳದ ಮೂಲೆಯಲ್ಲಿ ಬಿದಿರಿನ ಗಳಗಳ ತುದಿಗೆ ಕೆಂಪು, ಹಳದಿ ಬಾವುಟಗಳು. ಪೂಜೆ ಮುಗಿದ ಮೇಲೆ ನೆಡುತ್ತಾರಂತೆ, ಜಂಡಿ ಎನ್ನುತ್ತಾರೆ. ಆಕೆಗೆ ಎಪ್ಪತ್ತು ದಾಟಿರಬಹುದು. ಎಲ್ಲರೂ ಆಂಟಿ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ನಮ್ಮ ಜೊತೆ ಇಂಗ್ಲೆಂಡಿನ ಒಂದು ಜೋಡಿ ಇತ್ತು. ಆಂಟಿಯ ನೆರವಿಗೆ ಪಕ್ಕದ ಮನೆಯಾಕೆ ಬಂದಿದ್ದರು, ಆಫ್ರಿಕಾ ಮೂಲದ ದೊಡ್ಡ ನಗುವಿನ ಹೆಂಗಸು.

ಮೊದಲು ಕಲಾಲೂ. ಅದು ಪಕ್ಕದ ಮನೆಯಾಕೆಯ ಪಾಠ. ಕೆಸುವಿನ ಎಲೆ, ಬೆಂಡೆಕಾಯಿ, ಕುಂಬಳಕಾಯಿ, ತೆಂಗಿನ ಹಾಲು, ಮೇಲೆ ಇಡಿಯಾಗಿ ತೇಲಿಬಿಟ್ಟ ಒಂದು ಮೆಣಸಿನಕಾಯಿ. ಕಾಂಗೋ ಪೆಪ್ಪರ್ ಎನ್ನುವ ಆ ಗುಂಡು ಮೆಣಸಿನಕಾಯಿಯ ಪರಿಮಳ ಮಾತ್ರ ಬೇಕು, ಅದು ಒಡೆಯಬಾರದು. ಒಡೆದರೆ ಇಡೀ ಪಾತ್ರೆ ಹೋಯಿತು. ನಿಜವಾದ ಕಲಾಲೂಗೆ ಏಡಿ ಬೀಳಬೇಕಿತ್ತು. ನಮ್ಮನ್ನು ನೋಡಿ ಬಿಟ್ಟರು. ಬೆಂಡೆಕಾಯಿ ಆಫ್ರಿಕಾದಿಂದ ಗುಲಾಮರ ಜೊತೆ ಬಂದ ತರಕಾರಿ ಎಂದು ಆಕೆ ಹೇಳಿದಾಗ ನನ್ನ ಹೆಂಡತಿ ನಂಬಲೇ ಇಲ್ಲ. ಹುಳಿಗೆ ಹಾಕುವ ಬೆಂಡೆಕಾಯಿ ಶಿವಮೊಗ್ಗದ ಸಂತೆಯಲ್ಲೇ ಹುಟ್ಟಿದ್ದು ಎಂಬುದು ಅವಳ ದೃಢ ನಂಬಿಕೆ.

ಅದೇ ಕೆಸುವಿನ ಎಲೆಗೆ ಆಂಟಿ ಬೇಳೆಹಿಟ್ಟಿನ ಮಸಾಲೆ ಬಳಿದು, ಒಂದರ ಮೇಲೊಂದಿಟ್ಟು ಸುತ್ತಿ, ಬಿಲ್ಲೆ ಕತ್ತರಿಸಿ ಎಣ್ಣೆಗೆ ಬಿಟ್ಟರು. ಸಹೀನಾ ಎನ್ನುತ್ತಾರೆ. ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಪತ್ರೊಡೆ! ಅಕ್ಕಿಯ ಬದಲು ಬೇಳೆ, ಹಬೆಯ ಬದಲು ಎಣ್ಣೆ. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂಬ ಎಚ್ಚರಿಕೆ ಕೂಡ ಅದೇ.

ಆಮೇಲೆ ಕಡಲೆ ಆಲೂಗಡ್ಡೆ ಪಲ್ಯ. ಇಲ್ಲಿ ಕರ್ರಿ ಪೌಡರ್ ಎಂಬ ಮಸಾಲೆ ಪುಡಿಯನ್ನು ನೀರಿನಲ್ಲಿ ಕಲಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಗೆ ಸುರಿಯುತ್ತಾರೆ. ನೀರು ಇಂಗಿ, ಮಸಾಲೆ ತರಿತರಿಯಾಗಿ ಎಣ್ಣೆ ಬಿಡುವವರೆಗೆ ಕೈ ಬಿಡುವಂತಿಲ್ಲ. ಕೊನೆಗೆ ಹುರಿದ ಜೀರಿಗೆ ಪುಡಿ, ಮತ್ತು ಶಾಡೋ ಬೆನಿ ಎಂಬ ಸೊಪ್ಪು. ಉದ್ದ ಎಲೆ, ಅಂಚಿನಲ್ಲಿ ಗರಗಸ, ಕೊತ್ತಂಬರಿಗಿಂತ ನಾಲ್ಕು ಪಾಲು ಘಾಟು. ನನ್ನನ್ನು ಮಸಾಲೆ ಕಲಕಲು ನಿಲ್ಲಿಸಿದ್ದರು. ಕಲಕಿದೆ. ಅಂಗಿಗೂ ಸ್ವಲ್ಪ ಬಿತ್ತು.

ಎಲ್ಲಕ್ಕಿಂತ ಮುಖ್ಯ ದಾಲ್‌ಪುರಿ. ಹಳದಿ ಬಟಾಣಿ ಬೇಳೆಯನ್ನು ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವಷ್ಟು ಮಾತ್ರ ಬೇಯಿಸಬೇಕು, ಮುದ್ದೆಯಾಗಬಾರದು. ನೀರು ಬಸಿದು, ಜೀರಿಗೆ ಬೆಳ್ಳುಳ್ಳಿಯೊಂದಿಗೆ ಒಣಗಿದ ಮರಳಿನಂತೆ ಬೀಸಬೇಕು. ಮೈದಾಹಿಟ್ಟಿನ ಉಂಡೆಯ ಹೊಟ್ಟೆಯಲ್ಲಿ ಅದನ್ನು ತುಂಬಿ, ಬಾಯಿ ಮುಚ್ಚಿ, ಸುಮ್ಮನೆ ಬಿಡಬೇಕು. ನಂತರ ಲಟ್ಟಿಸಿ, ತವಾದ ಮೇಲೆ ಎಣ್ಣೆ ಸವರಿ ಬೇಯಿಸಿದರೆ ತಟ್ಟೆಗಿಂತ ದೊಡ್ಡದಾಗಿ ಉಬ್ಬುತ್ತದೆ. ನನ್ನ ಹೆಂಡತಿ ಇದನ್ನು ಎರಡು ನಿಮಿಷ ನೋಡಿದಳು, ಸೀರೆಯ ಸೆರಗು ಸಿಕ್ಕಿಸಿದಳು. ಕಣಕ ಗೊತ್ತು, ಹೂರಣ ಗೊತ್ತು, ಬೆಲ್ಲ ಇಲ್ಲ ಅಷ್ಟೇ. ಅವಳ ಉಂಡೆಗಳನ್ನು ನೋಡಿ ಆಂಟಿ, "ನೀನು ಫೀಸು ವಾಪಸ್ ತೆಗೆದುಕೋ" ಎಂದರು. ನನ್ನದು ಮೂರು ಕಡೆ ಬಾಯಿ ಬಿಟ್ಟಿತ್ತು. ಇಂಗ್ಲಿಷ್ ಮಹಾಶಯನದು ಇನ್ನೂ ಕೆಟ್ಟದಾಗಿತ್ತು ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

ಉಂಡೆಗಳು ವಿಶ್ರಾಂತಿ ಪಡೆಯುತ್ತಿದ್ದಾಗ ಆಂಟಿ ಒಳಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆ ತಂದರು.

ನಿನಗೆ ಚರಿತ್ರೆ ಗೊತ್ತು, ಆದರೂ ಓದುವ ಉಳಿದವರಿಗಾಗಿ ಹೇಳುತ್ತೇನೆ. 1838ಕ್ಕೆ ಗುಲಾಮರು ಪೂರ್ತಿ ಬಿಡುಗಡೆಯಾದರು. ಕಬ್ಬಿನ ತೋಟದ ಯಜಮಾನರಿಗೆ ಕಡಿಮೆ ಕೂಲಿಯ ಕೈಗಳು ಬೇಕಾದವು. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಮೂರು ತಿಂಗಳಿಗೂ ಹೆಚ್ಚು ತೇಲಿ ಬಂದು ಮೊದಲ ಜನರನ್ನು ಇಳಿಸಿತು. 1917ರವರೆಗೆ ಹೀಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಬಹುಪಾಲು ಈಗಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. ಒಬ್ಬೊಬ್ಬರಿಗೂ ಒಂದು ಚೀಟಿ. ಹೆಸರು, ತಂದೆಯ ಹೆಸರು, ವಯಸ್ಸು, ಊರು, ಠಾಣೆ, ಜಿಲ್ಲೆ. ಮತ್ತು ಜಾತಿ.

ಆಂಟಿ ತಂದದ್ದು ಆಕೆಯ ಮುತ್ತಾತನ ಚೀಟಿಯ ನಕಲು. ಮೊಮ್ಮಗಳು ದಾಖಲೆಗಳ ಕಚೇರಿಯಲ್ಲಿ ಹುಡುಕಿ ತೆಗೆಸಿದ್ದಂತೆ. ಹಿಟ್ಟು ಮೆತ್ತಿದ ಬೆರಳನ್ನು ಆ ಕಾಲಮ್ಮಿನ ಮೇಲಿಟ್ಟು ಕೇಳಿದರು: "ನೀವು ಇಂಡಿಯಾದವರಲ್ಲವೇ, ಇದೇನು ಹೇಳಿ. ಮೇಲಿನದೋ, ಕೆಳಗಿನದೋ?"

ಆಕೆ ನಗುತ್ತಲೇ ಕೇಳಿದ್ದು. ಹಳೆಯ ನಾಣ್ಯ ಸಿಕ್ಕರೆ ಬೆಲೆ ಕೇಳುತ್ತೇವಲ್ಲ, ಅಷ್ಟೇ ಕುತೂಹಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಭಾಷೆಯ ಹೆಸರಲ್ಲ, ನಮ್ಮ ಕಡೆಯ ಜನರಲ್ಲ, ಆ ಜಿಲ್ಲೆಯನ್ನು ನಾನು ರೈಲಿನಿಂದಲೂ ಕಂಡವನಲ್ಲ. ಬಿಹಾರದ ಚುನಾವಣೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಓದಿದ್ದು, ಅಷ್ಟೇ ಪರಿಚಯ. ಆದರೂ, ಗೆಳೆಯಾ, ಆ ಅಕ್ಷರಗಳ ಮೇಲೆ ಕಣ್ಣು ಬಿದ್ದ ಗಳಿಗೆಯಲ್ಲೇ ನನ್ನ ತಲೆ ಆಂಟಿಯನ್ನು ಎತ್ತಿ ಒಂದು ಮೆಟ್ಟಿಲಿನ ಮೇಲೆ ಕೂರಿಸಿಬಿಟ್ಟಿತ್ತು. ಯೋಚಿಸಲಿಲ್ಲ, ಲೆಕ್ಕ ಹಾಕಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕುಳಿತರೂ ಬಡ್ಡಿಯನ್ನು ಅಷ್ಟು ಬೇಗ ಹೇಳಲು ನನಗೆ ಬಂದಿರಲಿಲ್ಲ. ಎದುರಿಗೆ ಆಕೆಯ ಕೈ, ಪಕ್ಕದಲ್ಲಿ ನನ್ನ ಕೈ, ಎರಡಕ್ಕೂ ಅದೇ ಹಿಟ್ಟು. ಮೆಟ್ಟಿಲು ಮಾತ್ರ ಎಲ್ಲಿಂದಲೋ ಬಂದು ನಿಂತಿತ್ತು.

"ಗೊತ್ತಿಲ್ಲ ಆಂಟಿ, ನಮ್ಮದು ದಕ್ಷಿಣ" ಎಂದೆ.

"ಹೋಗಲಿ ಬಿಡಿ, ಹಡಗು ಹತ್ತಿದವರೆಲ್ಲ ಒಂದೇ ಜಾತಿ, ಜಹಾಜಿ" ಎಂದರು ಆಕೆ. ಒಂದೇ ಹಡಗಿನಲ್ಲಿ ಬಂದವರು ಅಣ್ಣತಮ್ಮಂದಿರೆಂದು, ಅವರ ಮಕ್ಕಳ ನಡುವೆ ಮದುವೆ ಕೂಡದೆಂದು ನಡೆದುಕೊಂಡ ಜನ ಅವರು. ಹಾಗೆಂದು ನೀನು ಕಣ್ಣೊರೆಸಿಕೊಳ್ಳಬೇಡ. ಕಲ್ಕತ್ತೆಯಲ್ಲಿ ಒಂದು ಜಾತಿ, ಟ್ರಿನಿಡಾಡಿನಲ್ಲಿ ಇಳಿದ ಮೇಲೆ ಇನ್ನೊಂದು ಹೇಳಿಕೊಂಡವರ ಬಗ್ಗೆಯೂ ಅಲ್ಲಿ ಹಾಸ್ಯ ಮಾಡುತ್ತಾರೆ. ಸಮುದ್ರ ಎಲ್ಲವನ್ನೂ ತೊಳೆಯಲಿಲ್ಲ.

ಅವತ್ತಿನಿಂದ ನೀನು ನನ್ನ ತಲೆಯಲ್ಲಿ ಕುಳಿತಿದ್ದೀಯೆ. ಹೇಗೆ ಹೇಳಲಿ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್. ನಿನ್ನ ಅಪ್ಪ, ನನ್ನ ಅಪ್ಪ ಒಂದೇ ಶಿಫ್ಟಿನಲ್ಲಿ ಒಂದೇ ಕುಲುಮೆಯ ಮುಂದೆ ನಿಂತು ಒಂದೇ ಬೂದಿ ಮೆತ್ತಿಕೊಂಡು ಬರುತ್ತಿದ್ದರು. ನಾನು ನಿಮ್ಮ ಮನೆಗೆ ಬರುತ್ತಿದ್ದೆ. ನಿನ್ನ ಅವ್ವ ರೊಟ್ಟಿ, ಹುರುಳಿ ಸಾರು ಬಡಿಸುವ ಮೊದಲು ಪ್ರತಿಸಲವೂ ಬಾಗಿಲ ಕಡೆ ಒಮ್ಮೆ ನೋಡಿ, "ನಿಮ್ಮ ಮನೆಯಲ್ಲಿ ಗೊತ್ತಾದರೆ?" ಎಂದು ಕೇಳುತ್ತಿದ್ದರು. ನಾನು ಎದೆಯುಬ್ಬಿಸಿ ತಿನ್ನುತ್ತಿದ್ದೆ. ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿಲ್ಲ! ಮದುವೆಮನೆಯ ಹರಟೆಯಲ್ಲಿ, ಬ್ಯಾಂಕಿನ ಬೀಳ್ಕೊಡುಗೆ ಸಭೆಯಲ್ಲಿ, ಮಗಳ ಗೆಳತಿಯರ ಮುಂದೆ. ಹೇಳಿದಾಗಲೆಲ್ಲ ಜನ ಮೆಚ್ಚಿಕೊಂಡಿದ್ದಾರೆ. ಹುರುಳಿ ಸಾರಿನ ರುಚಿಯ ವರ್ಣನೆಯಂತೂ ವರ್ಷದಿಂದ ವರ್ಷಕ್ಕೆ ಸುಧಾರಿಸಿದೆ.

ನೀನೂ ನಮ್ಮ ಮನೆಗೆ ಬರುತ್ತಿದ್ದೆ. ಜಗಲಿಯಲ್ಲಿ ಕುಳಿತು ನನಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಒಳಗಿನಿಂದ ಅಮ್ಮ, "ಏನಾದರೂ ತಿನ್ನುತ್ತೀಯೇನೋ?" ಎಂದು ಕೂಗುತ್ತಿದ್ದಳು. ನೀನು ಪುಸ್ತಕದಿಂದ ತಲೆಯೆತ್ತದೆ, "ಹೊಟ್ಟೆ ತುಂಬಿದೆ ಅಮ್ಮಾ" ಎನ್ನುತ್ತಿದ್ದೆ. ಬೆಳಿಗ್ಗೆ ತುಂಬಿದೆ, ಸಂಜೆ ತುಂಬಿದೆ, ಗಣಪತಿ ಹಬ್ಬದ ದಿನವೂ ತುಂಬಿದೆ. ಅದಕ್ಕೇ ನಾವು ನಿನಗೆ ಆ ಹೆಸರಿಟ್ಟದ್ದು. ನಾನೇ ಇಟ್ಟದ್ದು. ಇಡೀ ತರಗತಿ ನಕ್ಕಿತು, ನೀನೂ ನಕ್ಕೆ. ಇವತ್ತಿಗೂ ಅದೇ ಹೆಸರಿನಿಂದ ಕರೆಯುತ್ತೇನೆ, ಮೇಲೆ ನೋಡು.

ನಿನ್ನ ಹೊಟ್ಟೆ ತುಂಬಿರಲಿಲ್ಲ, ಅಲ್ಲವೇ?

ಅಮ್ಮ ಕರೆದದ್ದು ನಿಜ. ನೀನು ಹೂಂ ಎಂದಿದ್ದರೆ ಯಾವ ಲೋಟ ಹೊರಗೆ ಬರುತ್ತಿತ್ತು, ಯಾರು ಅದನ್ನು ತೊಳೆಯಬೇಕಾಗುತ್ತಿತ್ತು ಎಂಬುದು ಹತ್ತು ವರ್ಷದ ನಿನಗೆ ಗೊತ್ತಿತ್ತು. ಹತ್ತು ವರ್ಷದ ನನಗೂ ಗೊತ್ತಿತ್ತೋ ಏನೋ. ಆ ಚೀಟಿಯನ್ನು ಓದಿದ ವೇಗ ನೋಡಿದರೆ ಗೊತ್ತಿತ್ತು ಎಂದೇ ಅನಿಸುತ್ತದೆ. ನಾನು ನಿಮ್ಮ ಮನೆಯಲ್ಲಿ ಉಂಡ ಕಥೆ ಹೇಳುತ್ತಾ ಬಂದೆ. ನೀನು ನಮ್ಮ ಮನೆಯಲ್ಲಿ ಉಣ್ಣದ ಕಥೆಯನ್ನು ಯಾರಿಗೂ ಹೇಳಿಲ್ಲ. ಅದು ಕಥೆಯೆಂದೇ ನನಗೆ ತೋರಿರಲಿಲ್ಲ.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ. ಸರಿಯೇ. ಊರೆಲ್ಲ ಓದುವ ಹಾಗೆ ಬರೆದರೆ ಇದಕ್ಕೂ ಹೊಗಳಿಕೆ ಬರುತ್ತದೆ, ಬರುವುದು ನನಗೇ. "ಎಷ್ಟು ಪ್ರಾಮಾಣಿಕ ಸರ್" ಎಂದು ಯಾರೋ ಬರೆಯುತ್ತಾರೆ, ನಾನು ಕೈಮುಗಿದ ಚಿತ್ರ ಹಾಕುತ್ತೇನೆ. ಗೊತ್ತಿದ್ದೂ ಹಾಕುತ್ತಿದ್ದೇನೆ. ನಿನಗೆ ಫೋನ್ ಮಾಡಿ ಹೇಳಲು ಹೋದರೆ, ನೀನು ಆ ಕಡೆಯಿಂದ ಸುಮ್ಮನಿದ್ದುಬಿಟ್ಟರೆ ನಾನೇನು ಮಾತಾಡಲಿ? ಇಲ್ಲಾದರೆ ಜನ ಇದ್ದಾರೆ, ಗದ್ದಲ ಇರುತ್ತದೆ.

ಸಾಕು. ಅಡುಗೆ ತರಗತಿಯ ಸುದ್ದಿ ಎಂದು ಶುರು ಮಾಡಿ ಎಲ್ಲಿಗೋ ಬಂದೆ. ಆ ಕಾಂಗೋ ಮೆಣಸಿನಕಾಯಿಯ ಮೇಲೆ ತಪ್ಪು ಹೊರಿಸೋಣ. ಹೌದು, ಅದು ಒಡೆಯಿತು. ಯಾರ ಸೌಟು ತಗುಲಿತು ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಇಂಗ್ಲಿಷ್ ಮಹಾಶಯ ನೆತ್ತಿಯವರೆಗೆ ಕೆಂಪಾಗಿ ಜೋಲಿಯಲ್ಲಿ ಮಲಗಿದ್ದರಿಂದ ವಿಚಾರಣೆ ನಡೆಯಲಿಲ್ಲ. ಮರುದಿನ ಬೀದಿಯಲ್ಲಿ ಡಬಲ್ಸ್ ತಿಂದೆವು. ಅರಿಸಿನ ಹಾಕಿ ಕರಿದ ಎರಡು ಮೆತ್ತನೆಯ ಬಾರಾ, ನಡುವೆ ಕಡಲೆ, ಮೇಲೆ ಹುಣಿಸೆ ಚಟ್ನಿ, ಕುಚೇಲಾ ಎಂಬ ಮಾವಿನ ಉಪ್ಪಿನಕಾಯಿ, ಸೌತೆಕಾಯಿ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಿಂತೇ ತಿನ್ನಬೇಕು, ಮೊಣಕೈವರೆಗೆ ಸೋರಿಸಿಕೊಳ್ಳಬೇಕು. ಖಾರ ಎಷ್ಟು ಎಂದು ಕೇಳಿದಾಗ "ಸ್ಲೈಟ್" ಎನ್ನಬೇಕಂತೆ. ನಾನು ಗಂಡಸುತನ ತೋರಿಸಲು ಹೋದೆ. ಮುಂದಿನದನ್ನು ಕಡೂರಿನ ರೈಲಿನ ಘಟನೆಗೆ ಹೋಲಿಸಿಕೊ, ನಿನಗೆ ಅರ್ಥವಾಗುತ್ತದೆ.

ಇನ್ನು ನಿನ್ನ ಮುಖ್ಯ ಕೆಲಸ. ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ಗೆ ಹೋಗಿದ್ದೆ. 1976ರ ಏಪ್ರಿಲ್, ವೆಸ್ಟ್ ಇಂಡೀಸ್ ಎದುರಿನ ಟೆಸ್ಟ್ ಪಂದ್ಯ, ಗುರಿ 403, ನಾವು ನಾಲ್ಕು ವಿಕೆಟ್‌ಗೆ 406. ನಮ್ಮೂರಿನಲ್ಲಿ ಹುಟ್ಟಿದ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 112. ಇದನ್ನೆಲ್ಲ ಗೇಟಿನ ಕಾವಲುಗಾರನಿಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಗವಾಸ್ಕರ್ ಹೆಸರು ಗೊತ್ತು, ಈ ವಿಶಿ ಯಾರು ಎಂದ. ನಿನಗಾಗುವಷ್ಟೇ ಸಿಟ್ಟು ನನಗೂ ಬಂತು. ಭದ್ರಾವತಿ, ಸ್ಕ್ವೇರ್ ಕಟ್, ಕುಳ್ಳ ಎಂದು ಕೈಸನ್ನೆ ಮಾಡಿ ಆಡಿಯೂ ತೋರಿಸಿದೆ. ಕನಿಕರದಿಂದ ಐದು ನಿಮಿಷ ಒಳಗೆ ಬಿಟ್ಟ. ವಿಶಿ ರನೌಟ್ ಆದದ್ದು ಯಾವ ತುದಿಯಲ್ಲಿ ಎಂಬ ನಮ್ಮ ಜಗಳವನ್ನು ಅಲ್ಲೇ ತೀರ್ಮಾನಿಸಿ ಬರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ಕೇಳಿದೆ. ಅವನು ಹುಟ್ಟಿದ್ದೇ 1990ರ ಮೇಲಂತೆ. ನಿನ್ನ ಪರವಾಗಿ ಪಿಚ್ಚಿನ ಕಡೆ ತಿರುಗಿ ಸ್ಕ್ವೇರ್ ಕಟ್ ಭಂಗಿಯಲ್ಲಿ ನಿಂತೆ, ಹೆಂಡತಿ ಫೋಟೋ ತೆಗೆದಳು. ಅದರಲ್ಲಿ ನನ್ನ ತಲೆ ಬಂದಿಲ್ಲ, ಪಿಚ್ಚೂ ಬಂದಿಲ್ಲ. ಹೊಟ್ಟೆ ಬಂದಿದೆ, ಪೂರ್ತಿಯಾಗಿ.

ಇಂತಿ ನಿನ್ನ,
ಎರಡನೇ ಬೆಂಚಿನ ಬಾಲಂಗೋಚಿ