ಅಕ್ಕ ದುಭಾಷಿಯಲ್ಲ: ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನನ್ನ ತಮ್ಮ ಹುಟ್ಟಿನಿಂದಲೇ ಕಿವುಡ, ಚಿತ್ರ ಬರೆಯುತ್ತಾನೆ. ಕಳೆದ ತಿಂಗಳು ಹಾಸನದಲ್ಲಿ ಅವನ ಮೊದಲ ಚಿತ್ರಪ್ರದರ್ಶನ ಮೂರು ದಿನ ನಡೆಯಿತು. 22 ಚಿತ್ರಗಳಿದ್ದವು, ಅಷ್ಟರಲ್ಲೂ ಕೈಗಳೇ. ಆ ಮೂರು ದಿನ ಅಲ್ಲಿ ನಿಂತು ಕಂಡದ್ದನ್ನು ನಿಮಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಬಾಗಿಲಲ್ಲೇ ಸಿಗುತ್ತಿದ್ದದ್ದು ನಮ್ಮಮ್ಮನ ಕೈ. ಮುಂಗಾರಿಗೆ ಮೊದಲು ಬಿತ್ತನೆ ಆಲೂಗಡ್ಡೆ ಹೆಚ್ಚುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಪ್ರತಿ ಹೋಳಿನಲ್ಲೂ ಒಂದಾದರೂ ಕಣ್ಣು ಉಳಿಯಬೇಕು, ಇಲ್ಲವಾದರೆ ಮೊಳಕೆ ಬರುವುದಿಲ್ಲ. ಚಿತ್ರದಲ್ಲಿ ಅಮ್ಮನ ಹೆಬ್ಬೆರಳು ಗೆಡ್ಡೆಯ ಮೇಲೆ ಆ ಕಣ್ಣನ್ನು ತಡಕುತ್ತಿದೆ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು, ತೋರುಬೆರಳಿಗೆ ಅಡ್ಡಲಾಗಿ ಹಳೇ ಗಾಯದ ಗೀರು. ಚಾಕು ಕೆಳಗಿಟ್ಟ ಮರುಗಳಿಗೆ ಅದೇ ಕೈ ತಮ್ಮನ ಜೊತೆ ಮಾತಿಗೆ ಇಳಿಯುತ್ತಿತ್ತು. ಉಣ್ಣು ಬಾ, ಮಳೆ ಬಂತು, ದನ ಕಟ್ಟು: ಇವಕ್ಕೆಲ್ಲ ನಾವು ಮನೆಯಲ್ಲೇ ಸನ್ನೆ ಕಟ್ಟಿಕೊಂಡಿದ್ದೆವು. ನನ್ನ ಗಲ್ಲದ ಮೇಲೊಂದು ಮಚ್ಚೆಯಿದೆ. ಇವತ್ತಿಗೂ ಅವನು ನನ್ನ ಹೆಸರು ಹೇಳುವುದು ತನ್ನ ಗಲ್ಲ ಮುಟ್ಟಿಕೊಂಡೇ.

ಆಮೇಲಿನದು ಶಾಲೆಯ ಚಿತ್ರ. ಡೆಸ್ಕಿನ ಮೇಲೆ ಅಂಗಾತ ಇಟ್ಟ ಎರಡು ಪುಟ್ಟ ಅಂಗೈಗಳು, ಮೇಲೆ ಒಂದು ಮರದ ಸ್ಕೇಲಿನ ನೆರಳು. ಅವನು ಓದಿದ ಕಡೆ ಬಾಯಿ ತೆರೆದು ಸ್ವರ ಹೊರಡಿಸಬೇಕಿತ್ತು, ಕೈ ಆಡಿಸಿದರೆ ಏಟು. ಆ ಶಿಕ್ಷಕರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವರಿಗೆ ಬಂದಿದ್ದ ಪಾಠವೇ ಅದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಕಿವುಡರ ಶಿಕ್ಷಣದ ಸಮ್ಮೇಳನ ತರಗತಿಯಿಂದ ಸನ್ನೆ ಭಾಷೆಯನ್ನು ಹೊರಗಿಡುವ ನಿರ್ಣಯ ಮಾಡಿತು. ಅದಕ್ಕೆ ವಿಷಾದ ವ್ಯಕ್ತವಾಗಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ ನಡೆದ ಸಮ್ಮೇಳನದಲ್ಲಿ. ನೂರಮೂವತ್ತು ವರ್ಷ! ಅಷ್ಟು ಹೊತ್ತಿಗೆ ನನ್ನ ತಮ್ಮನ ಬಾಲ್ಯ ಮುಗಿದಿತ್ತು.

ಜನ ಹೆಚ್ಚು ಹೊತ್ತು ನಿಂತದ್ದು ಹಳೇಬೀಡಿನ ಚಿತ್ರಗಳ ಮುಂದೆ. ನಮ್ಮ ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ತಮ್ಮ ಅದಕ್ಕೂ ಮೊದಲಿನಿಂದ ಸ್ಕೆಚ್ ಪುಸ್ತಕ ಹಿಡಿದು ಹಳೇಬೀಡಿಗೆ ಹೋಗುತ್ತಿದ್ದ. ಹೊಯ್ಸಳೇಶ್ವರ ದೇವಾಲಯದ ಗೋಡೆಗಳಲ್ಲಿ ಕೈ ಮುರಿದ ಶಿಲ್ಪಗಳು ಎಷ್ಟಿವೆಯೆಂದು ನಿಮಗೂ ಗೊತ್ತು. ಅವನು ಅವನ್ನೇ ಆರಿಸಿಕೊಂಡು, ಮುರಿದ ಮಣಿಕಟ್ಟಿನಿಂದ ಮುಂದಕ್ಕೆ ಹೊಸ ಕೈ ಬರೆದಿದ್ದಾನೆ. ಕಲ್ಲಿನ ಬೂದು ಅಲ್ಲಿಗೆ ನಿಂತು ಜೀವಂತ ಚರ್ಮದ ಬಣ್ಣ ಶುರುವಾಗುತ್ತದೆ, ಆ ಕೈ ಸನ್ನೆ ಭಾಷೆಯಲ್ಲಿ ಏನೋ ಹೇಳುತ್ತಿರುತ್ತದೆ.

“ಇವು ಭರತನಾಟ್ಯದ ಮುದ್ರೆಗಳಾ?” ಎಂದು ಬಹಳ ಜನ ಕೇಳಿದರು. ಅಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. “ನಿನ್ನ ಹೆಸರು ಏನು” ಅನ್ನುವಾಗ ‘ಏನು’ ಕೊನೆಗೇ ಬರುತ್ತದೆ, ಕನ್ನಡದ ಹಾಗೆ. ಹುಬ್ಬು, ಕಣ್ಣು, ತಲೆಯ ಅಲುಗಾಟಕ್ಕೂ ಅರ್ಥವಿದೆ. ದೆಹಲಿಯಲ್ಲಿ ಇದಕ್ಕೆಂದೇ 2015ರಲ್ಲಿ ಸ್ಥಾಪನೆಯಾದ ಕೇಂದ್ರ ಸಂಸ್ಥೆ 10,000 ಪದಗಳ ನಿಘಂಟು ಹೊರತಂದಿದೆ.

ಆದರೆ ಸರ್, ಈ ಪತ್ರಕ್ಕೆ ಕಾರಣವಾದದ್ದು ಎರಡನೇ ದಿನದ ಒಂದು ಘಟನೆ. ಕಾಲೇಜು ಹುಡುಗಿಯೊಬ್ಬಳು ಹಳೇಬೀಡಿನ ಚಿತ್ರದ ಮುಂದೆ ನಿಂತು, “ಈ ಕೈ ಏನು ಹೇಳ್ತಿದೆ, ಕೇಳಿ ಅಕ್ಕಾ” ಅಂದಳು. ಕೇಳಿದೆ. ತಮ್ಮನ ಮುಖ ಅರಳಿತು. ನಾಲ್ಕೈದು ನಿಮಿಷ ಅವನ ಕೈ ನಿಲ್ಲಲಿಲ್ಲ. ಚಿತ್ರದ ಕಡೆ, ತನ್ನ ಎದೆಯ ಕಡೆ, ದೂರದಲ್ಲೆಲ್ಲೋ ಗೋಡೆಯಾಚೆ. ಆ ಹುಡುಗಿ ನನ್ನ ಬಾಯಿ ನೋಡುತ್ತ ಕಾದಳು. ನನ್ನ ಬಾಯಿಂದ ಬಂದದ್ದು ಒಂದೇ ವಾಕ್ಯ: “ಕಲ್ಲಿಗೂ ಮಾತಾಡೋ ಆಸೆ ಇತ್ತಂತೆ.”

ಅವನು ಅಷ್ಟೇ ಹೇಳಿರಲಿಲ್ಲ. ನನಗೆ ಬರುವುದು ಮನೆಯ ಸನ್ನೆ. ಅವನು ಮೈಸೂರಿನಲ್ಲಿ ಕಿವುಡ ಗೆಳೆಯರ ಜೊತೆ ಬೆಳೆಸಿಕೊಂಡ ಭಾಷೆ ನನ್ನನ್ನು ಬಿಟ್ಟು ಬಹಳ ಮುಂದೆ ಹೋಗಿದೆ. ನನ್ನ ಒಂದು ವಾಕ್ಯ ಎಷ್ಟು ಗಿಡ್ಡದು ಎಂದು ಅವನಿಗೂ ಕಂಡಿತು. ಕೈ ಇಳಿಸಿಬಿಟ್ಟ. ಆ ದಿನ ಮತ್ತೆ ಯಾರಿಗೂ ಏನೂ ವಿವರಿಸಲಿಲ್ಲ.

ಉದ್ಘಾಟನೆಯ ದಿನವೂ ಹೀಗೇ ಆಗಿತ್ತು. ಅರಸೀಕೆರೆಯಿಂದ, ಚನ್ನರಾಯಪಟ್ಟಣದಿಂದ ಬಸ್ ಹತ್ತಿ ಬಂದ ಹನ್ನೊಂದು ಮಂದಿ ಕಿವುಡರು ಮುಂದಿನ ಸಾಲಿನಲ್ಲಿ ಕೂತಿದ್ದರು. ಒಂದೂವರೆ ಗಂಟೆ ಭಾಷಣ ನಡೆಯಿತು, ಅವರಿಗೆ ಒಂದು ಮಾತೂ ತಲುಪಲಿಲ್ಲ. ಅವರದೇ ಭಾಷೆಯ ಮೇಲಿನ ಪ್ರದರ್ಶನ! ವೇದಿಕೆಯಲ್ಲಿ ಹಿರಿಯರೊಬ್ಬರು “ಪಾಪ, ಮಾತು ಬಾರದಿದ್ದರೂ” ಎಂದು ಶುರು ಮಾಡಿದರು. ಏನಂದರು ಎಂದು ತಮ್ಮ ಕೇಳಿದ. ಹೊಗಳಿದರು ಅಂದೆ.

ಎರಡು ವರ್ಷದ ಹಿಂದೆ ಅವನಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆದಾಗ, ಒಪ್ಪಿಗೆ ಪತ್ರದಲ್ಲಿ ಇದ್ದದ್ದನ್ನು ಅವನಿಗೆ ತಿಳಿಸಬೇಕಾದವಳೂ ನಾನೇ. ಹೊಟ್ಟೆ ತೋರಿಸಿ, ಕತ್ತರಿಸುವ ಸನ್ನೆ ಮಾಡಿ, ಹೆದರಬೇಡ ಅಂದೆ. ಮೂವತ್ತು ದಾಟಿದ ಗಂಡಸಿಗೆ ಅವನ ಒಡಲಿನ ಬಗ್ಗೆ ತಿಳಿದದ್ದು ಇಷ್ಟೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲ ಕಲಾವಿದರಿಗೆ ನೆರವು ಕೊಡಬೇಕು, ಕಲೆ ಅಂಗವಿಕಲರಿಗೂ ಎಟುಕುವಂತೆ ಮಾಡಬೇಕು ಅನ್ನುತ್ತದೆ. ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಕಟ್ಟಿಸುವುದು ನಮ್ಮ ಕಚೇರಿಗಳಿಗೆ ಈಗೀಗ ಅಭ್ಯಾಸವಾಗಿದೆ, ಸಂತೋಷ. ಕಿವುಡರ ರ‍್ಯಾಂಪ್ ಎಂದರೆ ದುಭಾಷಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ದುಭಾಷಿಗಳನ್ನು ತಯಾರು ಮಾಡುವ ಡಿಪ್ಲೊಮಾ ಕೋರ್ಸ್ ಇದೆ, ಕಲಿತು ಬಂದವರಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಮ್ಮ ಜಿಲ್ಲೆಗೆ ತರಬೇತಿ ಪಡೆದ ಸನ್ನೆ ಭಾಷೆಯ ದುಭಾಷಿಯೊಬ್ಬರನ್ನು ಸಂಬಳ ಕೊಟ್ಟು ನೇಮಿಸಿ. ಆಸ್ಪತ್ರೆ, ಪೊಲೀಸ್ ಠಾಣೆ, ನಿಮ್ಮ ಅಹವಾಲು ಸಭೆ, ಕಲಾಕ್ಷೇತ್ರದ ವೇದಿಕೆ, ಎಲ್ಲಿಂದ ಕರೆದರೂ ಅವರು ಬರುವಂತಿರಲಿ. ಆ ಹುದ್ದೆಗೆ ಯಾರು ಸರಿ ಎಂಬುದನ್ನು ಜಿಲ್ಲೆಯ ಕಿವುಡರನ್ನೇ ಕೂರಿಸಿಕೊಂಡು ಕೇಳಿ. ಯಾರ ಕೈ ಸ್ಪಷ್ಟ, ಯಾರದು ತೊದಲು ಅನ್ನುವುದು ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಅವತ್ತು ಹಾಸನಾಂಬ ಕಲಾಕ್ಷೇತ್ರದಲ್ಲಿ ಈ 22 ಚಿತ್ರಗಳನ್ನು ಇನ್ನೊಮ್ಮೆ ಇಡಲು ಅವಕಾಶ ಮಾಡಿಕೊಡಿ, ಆ ದುಭಾಷಿಯ ಮೊದಲ ಕೆಲಸ ಅಲ್ಲೇ ಆಗಲಿ. ಆ ಕಾಲೇಜು ಹುಡುಗಿಯ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೇನೆ. ಅವಳನ್ನು ಕರೆಸಿ, ಅದೇ ಚಿತ್ರದ ಮುಂದೆ ನಿಲ್ಲಿಸಿ, ಅದೇ ಪ್ರಶ್ನೆ ಮತ್ತೆ ಕೇಳಿಸುತ್ತೇನೆ. ತಮ್ಮ ಅವತ್ತು ಏನು ಹೇಳಿದ್ದ ಎಂದು ನನಗೂ ತಿಳಿಯಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಕಿವುಡ ಚಿತ್ರಕಾರನೊಬ್ಬನ ಅಕ್ಕ
ಹಾಸನ ತಾಲ್ಲೂಕು